ಕೀಲಿಕೈ ಇಲ್ಲದ ಬೀಗ

ಗೊರಗುಂಟೆಪಾಳ್ಯದ ಕೂಡುರಸ್ತೆಯ ಸಂದಣಿಯನ್ನು ಬೆಂಗಳೂರಿನ ವಾಚಕರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಅಲ್ಲಿ ಸಂಧಿಸುತ್ತವೆ. 2014ರಿಂದ ಮೆಟ್ರೋ ನಿಲ್ದಾಣವೂ ಉಂಟು. ಬೀದಿಯಂಚಿನಲ್ಲಿ ಕಾರನ್ನು ನಿಲ್ಲಿಸಿ ರೈಲು ಹತ್ತುವ ಗೃಹಸ್ಥನು ಸಂಜೆಯವರೆಗೆ ಅದನ್ನು ಕೇವಲ ಬೀಗದ ಮೇಲಣ ನಂಬಿಕೆಯಿಂದ ಬಿಟ್ಟುಹೋಗುತ್ತಾನೆ. ಕಳ್ಳನಿಗಾದರೋ ಅಲ್ಲಿಂದ ಹುಬ್ಬಳ್ಳಿಯನ್ನೂ ದಾಟಿ ಪುಣೆಯವರೆಗೆ ಹೆದ್ದಾರಿ ತೆರೆದೇ ಇದೆ. ಆದುದರಿಂದ ಆ ಬೀಗವು ಎಷ್ಟರಮಟ್ಟಿಗೆ ನಂಬತಕ್ಕುದೆಂಬುದು ಸಾರ್ವಜನಿಕ ವಿಚಾರವೇ ಆಗಿದೆ.

ವಿದ್ಯುನ್ಮಾನ ಬೀಗವನ್ನು ನಾವು ನಿಂದಿಸುವವರಲ್ಲ. ಕೀಲಿಕೈಯೊಳಗಣ ಚಿಪ್ಪಿನ ಗುರುತು ದೊರೆತಲ್ಲದೆ ಎಂಜಿನ್ನನ್ನು ಚಾಲೂ ಆಗಗೊಡದ ‘ಇಮ್ಮೊಬಿಲೈಸರ್’ ಎಂಬ ಉಪಕರಣವು ಮಹೋಪಕಾರಿಯೆಂಬುದು ನಿರ್ವಿವಾದ. ಜರ್ಮನಿಯೂ ಬ್ರಿಟನ್ನೂ ಅದನ್ನು 1998ರಲ್ಲಿ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದವು. ಅಮೆರಿಕದಲ್ಲಿ ಹಾಗೆ ಮಾಡಲಿಲ್ಲ. ಅಲ್ಲಿ ಈ ಉಪಕರಣವಿಲ್ಲದೆ ಮಾರಾಟವಾದ ಹ್ಯುಂಡೈ ಮತ್ತು ಕಿಯಾ ಕಾರುಗಳನ್ನು ಹುಡುಗರು ಆಟಕ್ಕೆಂಬಂತೆ ಕದ್ದೊಯ್ದರು. 2023ರಲ್ಲಿ ಸುಮಾರು 83 ಲಕ್ಷ ಕಾರುಗಳಿಗೆ ಹೊಸ ತಂತ್ರಾಂಶವನ್ನು ಒದಗಿಸಬೇಕಾಗಿ ಬಂದಿತು.

ನಮ್ಮ ಆಕ್ಷೇಪವಿರುವುದು ಸೌಕರ್ಯದ ಹೆಸರಿನಲ್ಲಿ ಬಂದ ಮತ್ತೊಂದು ಏರ್ಪಾಡಿನ ವಿಷಯದಲ್ಲಿ. ಕೀಲಿಕೈಯನ್ನು ಜೇಬಿನಿಂದ ತೆಗೆಯದೆಯೇ ಬಾಗಿಲು ತೆರೆಯುತ್ತದೆ. ಗುಂಡಿ ಒತ್ತಿದರೆ ಎಂಜಿನ್ನು ನಡೆಯುತ್ತದೆ. ಕಾರು ಒಂದೆರಡು ಮೀಟರು ಮಾತ್ರ ಮುಟ್ಟುವ ಕ್ಷೀಣವಾದ ರೇಡಿಯೋ ಅಲೆಯಿಂದ ಕೀಲಿಕೈಯನ್ನು ಕರೆಯುತ್ತದೆ. ಉತ್ತರ ಬಂದರೆ ಯಜಮಾನನು ಸಮೀಪದಲ್ಲಿದ್ದಾನೆಂದು ನಂಬುತ್ತದೆ. ಕಳ್ಳರಿಬ್ಬರು ಸೇರಿ, ಒಬ್ಬನು ಕಾರಿನ ಬಳಿಯೂ ಇನ್ನೊಬ್ಬನು ಯಜಮಾನನ ಬಳಿಯೂ ನಿಂತು, ಆ ಕರೆಯನ್ನು ಯಂತ್ರದ ಮೂಲಕ ದಾಟಿಸಿದರೆ ಸಾಕು. ಗುಪ್ತಸಂಕೇತವನ್ನು ಭೇದಿಸುವ ಶ್ರಮವೇ ಇಲ್ಲ; ದೂರವನ್ನು ಮರೆಮಾಚಿದರಾಯಿತು. ಜೂರಿಕ್ಕಿನ ವಿದ್ವಾಂಸರು ಎಂಟು ತಯಾರಕರ ಹತ್ತು ಮಾದರಿಗಳನ್ನು ಪರೀಕ್ಷಿಸಿ, ಹತ್ತೂ ಈ ಉಪಾಯಕ್ಕೆ ಮಣಿದವೆಂದು 2011ರಲ್ಲಿಯೇ ಪ್ರಕಟಿಸಿದರು.

ಇದಕ್ಕೆ ಪರಿಹಾರವಿಲ್ಲವೆಂದೇನೂ ಅಲ್ಲ. ರೇಡಿಯೋ ಅಲೆಯು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರು ಸಾಗುತ್ತದೆ. ಉತ್ತರ ಬರಲು ಹಿಡಿದ ಕಾಲವನ್ನಳೆದು ದೂರವನ್ನು ನಿಶ್ಚಯಿಸುವ ಬೀಗಗಳು ಈಗ ಬಂದಿವೆ. ಅಲುಗಾಡದಿದ್ದಾಗ ತಾನಾಗಿ ಮಲಗುವ ಕೀಲಿಕೈಗಳೂ ಉಂಟು. ಆದರೆ ತಾನು ಕೊಳ್ಳುವ ಕಾರಿನಲ್ಲಿರುವುದು ಯಾವ ಬಗೆಯದೆಂದು ಗ್ರಾಹಕನು ತಿಳಿಯುವುದೆಂತು? ಮಾರುವವನು ಸೌಕರ್ಯವನ್ನು ಹೊಗಳುತ್ತಾನೆಯೇ ಹೊರತು ಅಪಾಯವನ್ನು ಹೇಳುವುದಿಲ್ಲ.

ನಷ್ಟವಾದ ಮೇಲಣ ಅವಸ್ಥೆಯು ಇನ್ನೂ ಶೋಚನೀಯವಾದುದು. ಕಳವಿನ ಪರಿಹಾರ ಬೇಡಿದವನಿಂದ ವಿಮಾ ಸಂಸ್ಥೆಗಳು ಎರಡೂ ಕೀಲಿಕೈಗಳನ್ನು ಕೇಳುವುದು ವಾಡಿಕೆ. ಇಂತಹ ಕಳವಿನಲ್ಲಿ ಗಾಜು ಒಡೆದಿರುವುದಿಲ್ಲ, ಬೀಗ ಮುರಿದಿರುವುದಿಲ್ಲ, ಕೀಲಿಕೈ ಜೇಬು ಬಿಟ್ಟು ಕದಲಿರುವುದಿಲ್ಲ. ಸಾಕ್ಷ್ಯವಿಲ್ಲದ ಕಾರಣ, ಕಳೆದುಕೊಂಡವನೇ ಸಂಶಯಕ್ಕೆ ಗುರಿಯಾಗುವಂತಾದರೆ ಅದು ಯಾವ ನ್ಯಾಯ? ಬೀಗವನ್ನು ಮಾಡಿದವನು ನಿಶ್ಚಿಂತನಾಗಿರಲು, ಅದನ್ನು ನಂಬಿದವನು ಉತ್ತರ ಹೇಳುತ್ತ ಅಲೆಯತಕ್ಕುದೆ?

ಅಪಘಾತದಲ್ಲಿ ಕಾರು ಎಷ್ಟು ರಕ್ಷಣೆ ನೀಡುವುದೆಂದು ನಕ್ಷತ್ರಗಳಿಂದ ಸೂಚಿಸುವ ‘ಭಾರತ್ ಎನ್‌ಕ್ಯಾಪ್’ ಪದ್ಧತಿಯನ್ನು ಕೇಂದ್ರ ಸರ್ಕಾರದವರು 2023ರಲ್ಲಿ ಆರಂಭಿಸಿದುದು ಸ್ತುತ್ಯವಾದ ಕಾರ್ಯ. ಬೀಗಗಳನ್ನೂ ಅದೇ ರೀತಿ ಪರೀಕ್ಷಿಸಿ ಫಲವನ್ನು ಪ್ರಕಟಿಸಲು ಅಡ್ಡಿಯೇನು? ಬ್ರಿಟನ್ನಿನ ಥ್ಯಾಚಮ್ ಸಂಸ್ಥೆಯವರು 2019ರಲ್ಲಿ ಹೀಗೆಯೇ ಮಾಡಿ ತೋರಿಸಿದರು. ಈ ಸೌಕರ್ಯವು ಬೇಡವೆಂಬ ಗ್ರಾಹಕನಿಗೆ ಅದನ್ನು ನಿಲ್ಲಿಸಿಕೊಳ್ಳುವ ಅನುಕೂಲವಿರಬೇಕು. ಕಳವಿನ ದೂರನ್ನು ಬರೆದುಕೊಳ್ಳುವ ಪೊಲೀಸರು ಬೀಗವು ಯಾವ ಬಗೆಯದೆಂದು ತಪ್ಪದೆ ನಮೂದಿಸಬೇಕು. ಆ ಲೆಕ್ಕವಿಲ್ಲದೆ ಯಾವ ಬೀಗ ಸೋಲುತ್ತಿದೆಯೆಂಬುದು ಯಾರಿಗೂ ತಿಳಿಯದು.

ಅಷ್ಟಾಗುವವರೆಗೆ ಮಹಾಜನರು ಕೀಲಿಕೈಯನ್ನು ಬೀದಿಬಾಗಿಲಿನ ಬಳಿ ತೂಗುಹಾಕದೆ, ಅಲೆಗಳನ್ನು ತಡೆಯುವ ಲೋಹದ ಪದರಿನ ಚೀಲದಲ್ಲಿಡುವುದು ಲೇಸು. ಆದರೆ ಗ್ರಾಹಕನ ಎಚ್ಚರವು ತಯಾರಕನ ಹೊಣೆಗೆ ಬದಲಾಗಲಾರದು. ಬೀಗವೆಂದು ಹಣ ಪಡೆದು ಮಾರಿದ ವಸ್ತುವು ಬೀಗವೇ ಆಗಿರತಕ್ಕುದು.