ಬೆಳಕಿಗೆ ಮುನ್ನ ಫ್ಯೂಸು

ತಮಿಳುನಾಡಿನ ಹೊಸೂರು ವಾಹನ ತಯಾರಿಕೆಗೆ ಹೆಸರಾದ ಊರು. ಅದರ ಮಗ್ಗುಲಿನ ಅವಲಪಲ್ಲಿಯ ಕನ್ನಡಿಗರೂ ನಮ್ಮಂತೆ ಭಾಷಾ ಅಲ್ಪಸಂಖ್ಯಾತರೇ. ಅಲ್ಲಾಗಲಿ, ನಮ್ಮ ಕಾಸರಗೋಡಿನಲ್ಲಾಗಲಿ, ಕಾರಿನೊಳಗೆ ತಾವೇ ಎಲ್‌ಇಡಿ ದೀಪದ ಪಟ್ಟಿ ಜೋಡಿಸಿಕೊಳ್ಳುವ ತರುಣರಿದ್ದಾರೆ. ಈ ಹುರುಪನ್ನು ನಾವು ಜರೆಯುವುದಿಲ್ಲ. ಆದರೆ ಪಟ್ಟಿಯೊಡನೆ ಬರುವ ಸೂಚನೆ ಕನ್ನಡದಲ್ಲಿರುವುದು ಅಪರೂಪ. ಓದಲಾಗದ ಚೀಟಿ ಮೂಲೆ ಸೇರುತ್ತದೆ, ತಂತಿ ನೇರವಾಗಿ ಬ್ಯಾಟರಿಗೆ ಹೋಗುತ್ತದೆ.

12 ವೋಲ್ಟಿನ ಬ್ಯಾಟರಿ ತಾನೇ ಎಂಬ ಉದಾಸೀನ ಸಲ್ಲದು. ತಂತಿಯ ಹೊದಿಕೆ ಸವೆದು ಕಾರಿನ ಲೋಹಕ್ಕೆ ತಗಲಿದರೆ, ಮಿತಿಮೀರಿ ಹರಿಯುವ ವಿದ್ಯುತ್ತಿನಿಂದ ತಂತಿ ಕಾದು ಬೆಂಕಿ ಹತ್ತೀತು. 12 ವಾಟಿನ ಪಟ್ಟಿಗೆ ಬೇಕಾದದ್ದು ಬರೇ 1 ಆಂಪಿಯರ್. ಬ್ಯಾಟರಿಯ ಸಮೀಪದಲ್ಲೇ 2 ಆಂಪಿಯರಿನ ಫ್ಯೂಸು ಇದ್ದರೆ, ಅದು ತಾನು ಸುಟ್ಟು ಕಾರನ್ನು ಉಳಿಸುತ್ತದೆ.

ವಾಟನ್ನು ವೋಲ್ಟಿನಿಂದ ಭಾಗಿಸುವ ಈ ಲೆಕ್ಕ ಹೈಸ್ಕೂಲಿನ ಪಾಠವೇ. ಅದು ಪರೀಕ್ಷೆಗಷ್ಟೇ ಮೀಸಲಾಗಬಾರದು. ನಮ್ಮ ಶಾಲೆಗಳ ವಿಜ್ಞಾನ ತರಗತಿಗೆ ಒಂದು ಬ್ಯಾಟರಿ, ಒಂದು ಫ್ಯೂಸು, ಒಂದು ದೀಪದ ಪಟ್ಟಿ ಬರಲಿ. ಮಕ್ಕಳು ಕೈಯಾರೆ ಜೋಡಿಸಿ ಕಲಿಯಲಿ. ಕನ್ನಡದಲ್ಲಿ ಕಲಿತರೆ ಬದುಕಿಗೇನು ಪ್ರಯೋಜನವೆಂದು ಕೇಳುವ ತಂದೆತಾಯಂದಿರಿಗೆ ನಾವು ಕೊಡಬೇಕಾದ ಉತ್ತರವೂ ಇದೇ.