ಹಕೀಮ್ ನಂಜುಂಡ ನಮ್ಮ ಕೇರಿಗೆ ಬರಲಿಲ್ಲ

ಟಿಪ್ಪುವಿನ ಆನೆಗೆ ಕಣ್ಣು ಹೋಗಿತ್ತಂತೆ. ನಂಜನಗೂಡಿನ ದೇವರಿಗೆ ಹರಕೆ ಹೊತ್ತ ಮೇಲೆ ಕಣ್ಣು ಬಂತಂತೆ. ಸುಲ್ತಾನ ಆ ದೇವರನ್ನು ಹಕೀಮ್ ನಂಜುಂಡ ಅಂತ ಕರೆದನಂತೆ. ಇರಲಿ. ಅರಮನೆ ಆನೆಗೂ ಒಬ್ಬ ವೈದ್ಯ ಸಿಕ್ಕಿದ. ಗುಡಿಯ ಬಾಗಿಲೇ ಮುಚ್ಚಿದ್ದ ಕಾಲದಲ್ಲಿ ನಮ್ಮ ಕೇರಿಗೆ ಯಾವ ಹಕೀಮ ಬಂದಿದ್ದ?

ಈಗ ಬಂದಿದ್ದಾನೆ ಅನ್ನುತ್ತಾರೆ. 2018ರ ಏಪ್ರಿಲ್ 14, ಬಾಬಾಸಾಹೇಬರು ಹುಟ್ಟಿದ ದಿನ, ಸರ್ಕಾರ ಆರೋಗ್ಯ ಕ್ಷೇಮ ಕೇಂದ್ರಗಳನ್ನು ಶುರುಮಾಡಿತು. 2023ರಲ್ಲಿ ಹೆಸರು ಬದಲಾಯಿಸಿ 'ಆರೋಗ್ಯ ಮಂದಿರ' ಅಂದಿತು. ಮಂದಿರವಂತೆ! ಏನಾದರೂ ಕರೆದುಕೊಳ್ಳಲಿ. ಅಲ್ಲಿ 30 ವರ್ಷ ದಾಟಿದ ಎಲ್ಲರಿಗೂ ಬೀಪಿ, ಸಕ್ಕರೆ ನೋಡಬೇಕು. ಬಾಯಿ, ಮೊಲೆ, ಗರ್ಭಕೋಶದ ಬಾಯಿಯ ಕ್ಯಾನ್ಸರು ಇದೆಯೇ ಅಂತ ತಪಾಸಣೆ ಆಗಬೇಕು. ಕಾಸು ಕೇಳುವಂತಿಲ್ಲ. ಇದು ಭಿಕ್ಷೆಯಲ್ಲ. ಕೊಳ್ಳೋ ಸೋಪಿಗೂ ತೆರಿಗೆ ಕಟ್ಟುವ ನಮ್ಮ ಹಕ್ಕು.

ಆದರೆ ನಾವು ಹೋಗುತ್ತೇವಾ?

ಆಶಾ ಅಕ್ಕ ಕಾಗದ ಹಿಡಿದು ಬಾಗಿಲಿಗೆ ಬಂದಾಗ ನಮ್ಮ ದೊಡ್ಡಪ್ಪ ಹೇಳಿದ್ದು ಇಷ್ಟೇ: "ನಂಗೇನಾಗದೆ ಬುಡವ್ವ, ಗುಂಡ್‌ಕಲ್ಲಿದ್ದಂಗಿವ್ನಿ." ಅದೇ ವರ್ಷ ನರಸೀಪುರದ ಕಡೆ ಕಬ್ಬು ಕಡಿಯುವಾಗ ಗುಂಡುಕಲ್ಲು ಉರುಳಿತು. ಲಕ್ವ. ಮೈಸೂರಿಗೆ ಹೊತ್ತುಕೊಂಡು ಹೋದೆವು. "ಬೀಪಿ ಎಷ್ಟು ವರ್ಷದಿಂದ ಇದೆ?" ಅಂತ ಡಾಕ್ಟರು ಕೇಳಿದರು. ಯಾರಿಗೆ ಗೊತ್ತು? ತೋಳಿಗೆ ಪಟ್ಟಿ ಸುತ್ತಿ ನೋಡುವ ಎರಡು ನಿಮಿಷದ ಕೆಲಸ. ಅದನ್ನು ಬಿಟ್ಟದ್ದಕ್ಕೆ ದೊಡ್ಡಪ್ಪ ಬಲಗೈ ತೆತ್ತರು, ಮಾತು ತೆತ್ತರು. ದೊಡ್ಡವ್ವ ಇವತ್ತು ಇಬ್ಬರ ಕೂಲಿ ದುಡಿಯುತ್ತಾಳೆ.

ಬೀಪಿ ನೋವು ಕೊಡೋಲ್ಲ. ಸಕ್ಕರೆ ಕೂಗಿ ಹೇಳೋಲ್ಲ. ಮೇಲಿನ ಅಂಕಿ 140, ಕೆಳಗಿನದು 90 ಮುಟ್ಟಿತೋ, ಎಚ್ಚರ. ಬರಿಹೊಟ್ಟೆಯ ಸಕ್ಕರೆ 126 ಮುಟ್ಟಿತೋ, ಎಚ್ಚರ. ಒಳ್ಳೆ ಮೈಕಟ್ಟು ನೋಡಿ ಈ ಅಂಕಿ ಹೇಳೋಕಾಗಲ್ಲ. ತಿರುಮಕೂಡಲಲ್ಲಿ ಮುಳುಗಿದರೆ ಪಾಪ ಹೋದೀತು, ಬೀಪಿ ಹೋಗೋಲ್ಲ!

ಕ್ಯಾಂಪು ಅಂದರೆ ನಮ್ಮ ಹಿರಿಯರಿಗೆ ಭಯ. ಆ ಭಯ ಸುಳ್ಳಲ್ಲ. ತುರ್ತುಪರಿಸ್ಥಿತಿಯ 1976-77ರಲ್ಲಿ ಈ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನಕ್ಕೆ ಸಂತಾನಹರಣ ಆಪರೇಷನ್ ಮಾಡಿದರು. ಬಲವಂತಕ್ಕೆ ಸಿಕ್ಕವರಲ್ಲಿ ಬಡವರೇ ಹೆಚ್ಚು. ಅದನ್ನು ಮರೆಯಬೇಡಿ. ಏನು ಮಾಡ್ತೀರಿ, ಯಾಕೆ ಮಾಡ್ತೀರಿ ಅಂತ ಕೇಳಿ. ಆದರೆ ಕೇಳೋದಕ್ಕಾದರೂ ಹೋಗಿ!

ಗಂಡಸರಿಗೊಂದು ಮಾತು. ನಾಚಿಕೆ ಅಂತ ಹೆಂಡತಿಯನ್ನು ತಪಾಸಣೆಗೆ ಕಳಿಸದ ನಾವು, ಅದೇ ಹೆಣ್ಣನ್ನು ಸೊಂಟದ ಮಟ್ಟ ಕೆಸರಿನ ಗದ್ದೆಗೆ ನಾಟಿಗೆ ಕಳಿಸುತ್ತೇವೆ. ಆಗ ಎಲ್ಲಿ ಹೋಗಿತ್ತು ಈ ನಾಚಿಕೆ? ಗರ್ಭಕೋಶದ ಬಾಯಿಯ ಕ್ಯಾನ್ಸರು ಮೊದಲೇ ಸಿಕ್ಕರೆ ವಾಸಿಯಾಗುತ್ತದೆ. ತಡವಾದರೆ ತಾಯಿಲ್ಲದ ಮಕ್ಕಳು.

ಬಾಬಾಸಾಹೇಬರನ್ನೇ ಸಕ್ಕರೆ ಕಾಯಿಲೆ ಹಿಂಡಿತ್ತು. ಕಾಲು ಸೋತಿತ್ತು, ಕಣ್ಣು ಮಂಜಾಗಿತ್ತು. 1956ರ ಡಿಸೆಂಬರ್ 6ರಂದು ಹೋದಾಗ ಬರೀ 65 ವರ್ಷ. ಅವರ ಪಟಕ್ಕೆ ಹಾರ ಹಾಕುವ ಕೈಗಳೇ, ಆ ಕೈಗೊಂದು ಬೀಪಿ ಪಟ್ಟಿ ಸುತ್ತಿಸಿಕೊಳ್ಳಿ.

ಇಲಾಖೆಯವರಿಗೂ ಹೇಳುತ್ತೇವೆ. ಊರ ಮುಂದಿನ ಗುಡಿಯ ಜಗುಲಿ ಮೇಲೆ ಮೇಜು ಹಾಕಿ "ಕೇರಿಯವರು ಬರಲಿಲ್ಲ" ಅಂತ ಬರೆದುಕೊಂಡು ಹೋಗಬೇಡಿ. ಕೇರಿಗೆ ಬನ್ನಿ. ಕೂಲಿ ಬಿಟ್ಟ ಮೇಲೆ ಬನ್ನಿ. ಮುಟ್ಟಿ ನೋಡಿ. ಅಂಕಿಯನ್ನು ಬಾಯಿಬಿಟ್ಟು ಹೇಳಿ. ಮಾತ್ರೆ ತಿಂಗಳು ತಪ್ಪದೆ ಕೊಡಿ.

ಸಾರ್ವಜನಿಕ ಕೆರೆ ನೀರು ಎಲ್ಲರದೂ ಅಂತ ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಕಾಗದ ಕಾಗದವಾಗೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಮಹಾಡದ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಕಾಗದ ಆವತ್ತು ಹಕ್ಕಾಯಿತು.

ಆರೋಗ್ಯವೂ ಈಗ ಕಾಗದದಲ್ಲಿದೆ. ಅಣ್ಣಂದಿರೇ, ಅಕ್ಕಂದಿರೇ, ಒಬ್ಬೊಬ್ಬರೇ ಬೇಡ, ಕೇರಿಗೆ ಕೇರಿಯೇ ಎದ್ದು ಹೋಗೋಣ. ತೋಳು ಚಾಚೋಣ.