ಮುದ್ರೆ, ಪತ್ರ ಮತ್ತು ಪಥಿಕ

ರಾಜ್ಯವೆಂದ ಮೇಲೆ ಎಲ್ಲೆಯುಂಟು. ಎಲ್ಲೆಯಿದ್ದಲ್ಲಿ ಬಂದವರು ಯಾರೆಂದು ಕೇಳುವ ಅಧಿಕಾರವೂ ಉಂಟು. ಕೌಟಿಲ್ಯನ ಅರ್ಥಶಾಸ್ತ್ರದ 2ನೆಯ ಅಧಿಕರಣವು ಮುದ್ರಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳುತ್ತದೆ. ಒಂದು ಮಾಷಕವನ್ನು ತೆತ್ತವನಿಗೆ ಅವನು ಮುದ್ರೆಯನ್ನು ಕೊಡತಕ್ಕವನು. ಮುದ್ರೆಯುಳ್ಳವನು ಜನಪದವನ್ನು ಪ್ರವೇಶಿಸಬಹುದು, ಬಿಟ್ಟು ಹೊರಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ 12 ಪಣ ದಂಡ. ಪರೀಕ್ಷಿಸತಕ್ಕವನು ವಿವೀತಾಧ್ಯಕ್ಷ. ಮುದ್ರೆ ದೊರೆಯುವುದೆಲ್ಲಿ, ಅದರ ಬೆಲೆಯೆಷ್ಟು, ತಪ್ಪಿದರೆ ಶಿಕ್ಷೆಯೇನು ಎಂಬ ಮೂರನ್ನೂ ಶಾಸ್ತ್ರವು ಮೊದಲೇ ನಿಗದಿಪಡಿಸಿರುವುದು ಇಲ್ಲಿಯ ಮುಖ್ಯ ಸಂಗತಿ.

ಇಂದಿನ ಭಾರತದಲ್ಲಿ ಪ್ರಾಂತದಿಂದ ಪ್ರಾಂತಕ್ಕೆ ಹೋಗಲು ಸಾಮಾನ್ಯವಾಗಿ ಮುದ್ರೆ ಬೇಕಿಲ್ಲ. ಸಂವಿಧಾನದ 19ನೆಯ ಅನುಚ್ಛೇದವು ದೇಶದಾದ್ಯಂತ ಸಂಚರಿಸುವ ಹಕ್ಕನ್ನು ಪ್ರಜೆಗೆ ಕೊಟ್ಟಿದೆ. ಸಾರ್ವಜನಿಕ ಹಿತಕ್ಕಾಗಿ ಯುಕ್ತವಾದ ನಿರ್ಬಂಧವನ್ನೂ ಒಪ್ಪಿದೆ. ಈ ಎರಡರ ಘರ್ಷಣೆಯನ್ನು ಬೆಳಗಾವಿ ಸೀಮೆ ಕೊರೋನಾ ಕಾಲದಲ್ಲಿ ಕಣ್ಣಾರೆ ಕಂಡಿತು.

ಬೆಳಗಾವಿಯಿಂದ ಹಿಂಡಲಗಾ ಹಾದು ಹೋಗುವ ವೆಂಗುರ್ಲಾ ರಸ್ತೆ ಬಾಚಿಯ ಆಚೆ ಮಹಾರಾಷ್ಟ್ರವನ್ನು ಸೇರುತ್ತದೆ. ಚಂದಗಡ ತಾಲ್ಲೂಕಿನವರು ಸಂತೆಗೂ ಆಸ್ಪತ್ರೆಗೂ ಈಚೆ ಬರುತ್ತಾರೆ. ಈಚಿನವರು ದುಡಿಮೆಗಾಗಿ ಆಚೆ ಹೋಗುತ್ತಾರೆ. ಬೀಗತನಕ್ಕಂತೂ ಗಡಿಯೇ ಇಲ್ಲ. 2020ರಲ್ಲಿ ರಾಜ್ಯದೊಳಕ್ಕೆ ಬರುವವರಿಗೆ ಸೇವಾ ಸಿಂಧು ಜಾಲತಾಣದ ಪಾಸು ಬೇಕಾಯಿತು. 2021ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರು 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿಯನ್ನು ತೋರಿಸಬೇಕಾಯಿತು. ನಿಪ್ಪಾಣಿಯ ಬಳಿಯ ಕೊಗನೊಳಿಯಲ್ಲಿ ತಪಾಸಣೆ ನಡೆಯಿತು. ವ್ಯಾಧಿಯನ್ನು ತಡೆಯುವುದು ಪ್ರಭುತ್ವದ ಧರ್ಮವೇ ಸರಿ. ಆದರೆ ಫೋನಿಲ್ಲದ ಕೂಲಿಕಾರನಿಗೆ ಜಾಲತಾಣವೇ ಒಂದು ಕೋಟೆ. ಪದೇ ಪದೇ ಗಡಿ ದಾಟಬೇಕಾದವನಿಗೆ ಮೂರು ದಿನಗಳಲ್ಲಿ ಬೆಲೆಗೆಡುವ ಪತ್ರವು ದೊಡ್ಡ ಹೊರೆ.

ದಕ್ಷಿಣದ ಗಡಿಯಲ್ಲಿ ಇದಕ್ಕಿಂತ ಕಠಿನವಾದ ಪ್ರಸಂಗ ಒದಗಿತು. 2020ರ ಮಾರ್ಚಿಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲೇ ನಿಲ್ಲಬೇಕಾಯಿತು. ವಿಷಯವು ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋದ ಬಳಿಕ, ಏಪ್ರಿಲ್‌ನಲ್ಲಿ ಅವರನ್ನು ಬಿಡುವ ಕ್ರಮ ನಿಶ್ಚಯವಾಯಿತು. ನಿಯಮವು ಮೊದಲು ಯೋಚಿಸಬೇಕಾದುದನ್ನು ನ್ಯಾಯಾಲಯವು ಕಡೆಗೆ ನೆನಪಿಸಬೇಕಾಯಿತು.

ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದಗಳೆಂಬ ಪ್ರಮಾಣಗಳಿವೆ. ಪ್ರಯಾಣಿಕನ ಕೈಯ ಪತ್ರವು ಶಬ್ದಪ್ರಮಾಣ. ಅವನ ಉಡುಪು, ಭಾಷೆ, ಹೆಸರುಗಳನ್ನು ನೋಡಿ ಇವನು ಇಂಥವನೆಂದು ಊಹಿಸುವುದು ಹೇತುವಿಲ್ಲದ ಅನುಮಾನ, ಅಂದರೆ ಹೇತ್ವಾಭಾಸ. ಕನ್ನಡ-ಮರಾಠಿಗಳು ಒಂದೇ ಅಂಗಳದಲ್ಲಿ ಬಾಳುವ ಈ ನಾಡಿನಲ್ಲಿ ಇಂಥ ಊಹೆಯು ಅಪಾಯಕರ. ಆದುದರಿಂದ ಗಡಿಯಲ್ಲಿ ಬೇಕಾದ ಪತ್ರಗಳ ಪಟ್ಟಿ ಎರಡೂ ಭಾಷೆಗಳಲ್ಲಿ ಹಲಗೆಯ ಮೇಲಿರಬೇಕು; ರೋಗಿಗೆ ಮೊದಲು ದಾರಿ, ಆಮೇಲೆ ಪ್ರಶ್ನೆ; ಹಿಂದಿರುಗಿಸಿದವನಿಗೆ ಕಾರಣವನ್ನು ಬರಹದಲ್ಲಿ ಕೊಡಬೇಕು.

ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಅಂಥ ಚೌಕಿಯ ಮೇಜಿನ ಹಿಂದೆ ಕೂರುವರು. ಪತ್ರವನ್ನು ಕಟ್ಟುನಿಟ್ಟಾಗಿ ಓದಲಿ; ಅದನ್ನು ಹಿಡಿದು ನಿಂತವನನ್ನು ಗೌರವದಿಂದ ಕಾಣಲಿ. ಪರೀಕ್ಷಿಸುವ ಅಧಿಕಾರಕ್ಕೆ ವಿನಯವೇ ಮುದ್ರೆ.